ಪಿಎಚ್‌ಡಿ ಬಿಟ್ಟು ಕಾಡುಗೆಣಸು ಹಿಡಿದ ರಸೆಲ್ ಮಾರ್ಕರ್

ಫಸ್ಟ್ ಇಯರ್ ಕೆಮಿಸ್ಟ್ರಿಯಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ್ದು ಒಂದಿದೆ. ಎನ್-ಹೆಪ್ಟೇನ್‌ನ ಆಕ್ಟೇನ್ ಸಂಖ್ಯೆ 0, ಐಸೋಆಕ್ಟೇನ್‌ನದು 100. ಎರಡು ಮಾರ್ಕಿನ ಪ್ರಶ್ನೆ. ಬರೆದ್ವಿ, ಮರೆತ್ವಿ. ಆ ಅಳತೆಗೋಲು ರೂಪುಗೊಂಡದ್ದು 1926ರ ಸುಮಾರಿಗೆ, ಅಮೆರಿಕದ ಎಥಿಲ್ ಕಾರ್ಪೊರೇಷನ್ನಿನ ಲ್ಯಾಬಿನಲ್ಲಿ, ಗ್ರಹಾಂ ಎಡ್ಗರ್ ಅವರ ತಂಡದಲ್ಲಿ. ಆ ತಂಡದಲ್ಲಿ 24 ವರ್ಷದ ಒಬ್ಬ ಯುವಕನಿದ್ದ. ಪಿಎಚ್‌ಡಿಯನ್ನು ಅರ್ಧಕ್ಕೆ ಬಿಟ್ಟು ಬಂದವನು. ಹದಿನಾರು ವರ್ಷದ ನಂತರ ಇದೇ ಮನುಷ್ಯ ಮೆಕ್ಸಿಕೋದ ಒಂದು ಹಳ್ಳಿ ರಸ್ತೆಯಲ್ಲಿ ಬಸ್ಸಿಂದಿಳಿದು, ಭಾಷೆ ಬಾರದೆ, ಕೈಸನ್ನೆ ಮಾಡಿಕೊಂಡು ಒಂದು ಗೆಡ್ಡೆ ಹುಡುಕುತ್ತಿದ್ದರು. ಆ ಗೆಡ್ಡೆಯಿಂದ ಒಂದು ಹಾರ್ಮೋನಿನ ಬೆಲೆ ನೆಲ ಕಚ್ಚಿತು, ಒಂದು ಕಂಪನಿ ಹುಟ್ಟಿತು, ಗರ್ಭನಿರೋಧಕ ಮಾತ್ರೆಗೆ ದಾರಿಯಾಯಿತು. ಅವರ ಹೆಸರು ರಸೆಲ್ ಮಾರ್ಕರ್. ಈ ಸಲದ ಸಂಚಿಕೆಗೆ ಅವರನ್ನೇ ಆರಿಸಿಕೊಂಡಿದ್ದೇವೆ.

ಮಾರ್ಕರ್ ಹುಟ್ಟಿದ್ದು 1902ರ ಮಾರ್ಚ್ 12ರಂದು, ಮೇರಿಲ್ಯಾಂಡ್ ರಾಜ್ಯದ ಹೇಗರ್ಸ್‌ಟೌನ್ ಹತ್ತಿರದ ಒಂದು ರೈತ ಕುಟುಂಬದಲ್ಲಿ. ಮಗ ಹೊಲ ನೋಡಿಕೊಂಡರೆ ಸಾಕು ಅನ್ನೋದು ಅಪ್ಪನ ಲೆಕ್ಕ. ಓದಲೇಬೇಕು ಅನ್ನೋದು ಅಮ್ಮನ ಹಟ. ಅಮ್ಮ ಗೆದ್ದರು. ಹುಡುಗ ಮೇರಿಲ್ಯಾಂಡ್ ವಿಶ್ವವಿದ್ಯಾಲಯ ಸೇರಿ 1923ರಲ್ಲಿ ಪದವಿ, ಮರುವರ್ಷ ಸ್ನಾತಕೋತ್ತರ ಪದವಿ ಪಡೆದ. ಆಮೇಲೆ ಅಲ್ಲೇ ಮಾರಿಸ್ ಖರಾಷ್ ಅವರ ಕೈಕೆಳಗೆ ಪಿಎಚ್‌ಡಿ. ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ಮಾರ್ಕೊವ್ನಿಕಾವ್ ನಿಯಮದ ತದ್ವಿರುದ್ಧ ನಡೆಯುವ ಪೆರಾಕ್ಸೈಡ್ ಪರಿಣಾಮ ಓದಿದ್ದೀವಲ್ಲ, ಖರಾಷ್ ಎಫೆಕ್ಟ್, ಅದೇ ಖರಾಷ್.

ಸಂಶೋಧನೆಯ ಕೆಲಸವನ್ನು ಮಾರ್ಕರ್ ಬೇಗನೆ ಮುಗಿಸಿಬಿಟ್ಟರು. ಉಳಿದದ್ದು ಒಂದೇ ತೊಡಕು. ಡಿಗ್ರಿ ಕೊಡಬೇಕಾದರೆ ಫಿಸಿಕಲ್ ಕೆಮಿಸ್ಟ್ರಿಯ ಕೆಲವು ಕೋರ್ಸ್ ತೆಗೆದುಕೊಳ್ಳಲೇಬೇಕು ಅಂತ ವಿಭಾಗ ಪಟ್ಟು ಹಿಡಿಯಿತು. ಸ್ನಾತಕೋತ್ತರದಲ್ಲೇ ಓದಿದ್ದನ್ನು ಮತ್ತೆ ಕೂತು ಓದೋದು ಟೈಮ್ ವೇಸ್ಟ್ ಅಂತ ಮಾರ್ಕರ್ ಪಟ್ಟು ಹಿಡಿದರು. ಹೀಗೆ ಬಿಟ್ಟು ಹೋದರೆ ಕೊನೆಗೆ ಎಲ್ಲೋ ಮೂತ್ರ ಪರೀಕ್ಷೆ ಮಾಡಿಕೊಂಡಿರಬೇಕಾಗುತ್ತೆ ಎಂದು ಗುರುಗಳು ಎಚ್ಚರಿಸಿದರು. ಮಾರ್ಕರ್ 1925ರಲ್ಲಿ ಹೊರಟೇ ಬಿಟ್ಟರು. ಗುರುವಿನ ಮಾತು ತಮಾಷೆಯಾಗಿ ನಿಜವಾದದ್ದನ್ನು ಮುಂದೆ ನೋಡ್ತೀರಿ.

ಎಥಿಲ್‌ನಲ್ಲಿ ಎರಡು ವರ್ಷ. ಆಗ ಶುದ್ಧ ಹೆಪ್ಟೇನ್ ಸಿಗುತ್ತಿದ್ದದ್ದು ಪೆಟ್ರೋಲಿಯಂನಿಂದಲ್ಲ, ಕ್ಯಾಲಿಫೋರ್ನಿಯಾ ಕಡೆಯ ಜೆಫ್ರಿ ಪೈನ್ ಮರದ ರಾಳದಿಂದ ಅನ್ನೋದು ನಮಗೆ ಈ ಲೇಖನಕ್ಕಾಗಿ ಓದುವಾಗ ಗೊತ್ತಾದದ್ದು. ಗಿಡದೊಳಗೆ ಏನೇನು ಸಿಗಬಹುದು ಅನ್ನೋ ಪಾಠದ ಮೊದಲ ಅಧ್ಯಾಯ ಇದೇ ಇರಬೇಕು ಅಂತ ನಮ್ಮ ಊಹೆ. 1928ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಇನ್‌ಸ್ಟಿಟ್ಯೂಟ್. ಅಲ್ಲಿ ಲೆವೀನ್ ಎಂಬ ದೊಡ್ಡ ರಸಾಯನಶಾಸ್ತ್ರಜ್ಞರ ಜೊತೆ ಏಳು ವರ್ಷ, ಒಂದರ ಮೇಲೊಂದು ಪ್ರಬಂಧ, ಒಳ್ಳೇ ಸಂಬಳ. ಆದರೆ ಮಾರ್ಕರ್‌ಗೆ ಸ್ಟೀರಾಯ್ಡ್ ಹಾರ್ಮೋನುಗಳ ಮೇಲೆ ಕೆಲಸ ಮಾಡುವ ಆಸೆ ಹತ್ತಿತು. ಅದು ಈ ಸಂಸ್ಥೆಯಲ್ಲಿ ಬೇರೆಯವರ ವಿಷಯ, ಬೇಡ ಎಂದರು ಮೇಲಿನವರು. ಮತ್ತೆ ಅದೇ ಕತೆ. 1935ರಲ್ಲಿ ಅರ್ಧಕ್ಕಿಂತ ಕಡಿಮೆ ಸಂಬಳಕ್ಕೆ ಪೆನ್ಸಿಲ್ವೇನಿಯಾ ಸ್ಟೇಟ್ ಕಾಲೇಜಿಗೆ ಬಂದರು. ದುಡ್ಡು ಕೊಟ್ಟದ್ದು ಪಾರ್ಕ್-ಡೇವಿಸ್ ಎಂಬ ಔಷಧ ಕಂಪನಿ.

ಆ ಕಾಲದಲ್ಲಿ ಪ್ರೊಜೆಸ್ಟೆರಾನ್ ಅಂದರೆ ಬಂಗಾರಕ್ಕಿಂತ ತುಟ್ಟಿ. ಗರ್ಭ ನಿಲ್ಲಲು ಬೇಕಾದ ಹಾರ್ಮೋನು ಇದು. ಮತ್ತೆ ಮತ್ತೆ ಗರ್ಭಪಾತವಾಗುವ ಹೆಂಗಸರಿಗೆ, ಮುಟ್ಟಿನ ತೊಂದರೆಗಳಿಗೆ ವೈದ್ಯರು ಕೊಡಲು ನೋಡುತ್ತಿದ್ದರು. ಆದರೆ ತರೋದು ಎಲ್ಲಿಂದ? 1934ರಲ್ಲಿ ಜರ್ಮನಿಯ ಬುಟೆನಾಂಟ್ 50,000 ಹಂದಿಗಳ ಅಂಡಾಶಯದಿಂದ ತೆಗೆದದ್ದು ಬರೀ 20 ಮಿಲಿಗ್ರಾಂ. ಯುರೋಪಿನ ಕೆಲವೇ ಕಂಪನಿಗಳು ಕೊಲೆಸ್ಟೆರಾಲ್‌ನಿಂದ ಚೂರುಪಾರು ತಯಾರಿಸುತ್ತಿದ್ದವು. 1940ರ ಆಸುಪಾಸಿನಲ್ಲಿ ಗ್ರಾಂಗೆ ಸುಮಾರು 80 ಡಾಲರ್ ಬೆಲೆ. ಮಾರ್ಕರ್ ಶುರು ಮಾಡಿದ್ದು ಗಬ್ಬದ ಕುದುರೆ, ಹಸುಗಳ ಮೂತ್ರದಿಂದ ಹಾರ್ಮೋನು ತೆಗೆಯುವ ಕೆಲಸದಿಂದ. ಖರಾಷ್ ಮೇಷ್ಟ್ರು ಹೇಳಿದ್ದು ತಪ್ಪಾಗಲಿಲ್ಲ ನೋಡಿ!

ಆದರೆ ಅವರ ತಲೆಯಲ್ಲಿ ಓಡುತ್ತಿದ್ದದ್ದು ಗಿಡಗಳು. ಅಂಟುವಾಳ, ಸೀಗೆಕಾಯಿ ನೀರಲ್ಲಿ ಹಾಕಿ ತಿಕ್ಕಿದರೆ ನೊರೆ ಬರುತ್ತಲ್ಲ, ಅದಕ್ಕೆ ಕಾರಣ ಸಪೋನಿನ್. ಕೆಲವು ಗಿಡಗಳ ಸಪೋನಿನ್‌ನಿಂದ ಸಕ್ಕರೆ ಭಾಗ ಕಳಚಿದರೆ ಉಳಿಯುವುದು ಸ್ಟೀರಾಯ್ಡ್‌ನ ಅಸ್ಥಿಪಂಜರ, ಅಂದರೆ ನಾಲ್ಕು ಉಂಗುರ ಅಂಟಿಕೊಂಡ ಅಣು. ನಮ್ಮ ಹಾರ್ಮೋನುಗಳಿಗೂ ಅದೇ ಪಂಜರ. ಸಮಸ್ಯೆ ಇದ್ದದ್ದು ಆ ಪಂಜರಕ್ಕೆ ಜೋತುಬಿದ್ದ ಬಾಲದಲ್ಲಿ. ಆ ಬಾಲದಲ್ಲಿ ಎರಡು ಆಮ್ಲಜನಕ ಪರಮಾಣುಗಳಿವೆ, ಅವು ಯಾವುದಕ್ಕೂ ಜಗ್ಗೋಲ್ಲ, ಅದನ್ನು ಮುರಿಯೋದು ಆಗದ ಮಾತು ಅಂತ ತಿಳಿದವರೆಲ್ಲ ನಂಬಿದ್ದರು. ಹಾಗೆ ಬರೆದವರಲ್ಲಿ ಮಾರ್ಕರ್ ಬಿಟ್ಟುಬಂದ ರಾಕ್‌ಫೆಲರ್‌ನವರೂ ಇದ್ದರು.

ಮಾರ್ಕರ್ ಬೇರೆ ಥರ ಯೋಚಿಸಿದರು. ಆ ಎರಡು ಆಮ್ಲಜನಕಗಳೂ ಒಂದೇ ಕಾರ್ಬನ್ನಿಗೆ ಕಟ್ಟಿಕೊಂಡಿವೆ, ಅಂದ್ರೆ ಇದು ಕೀಟಾಲ್. ಕೀಟಾಲ್ ಆದರೆ ಸರಿಯಾದ ಪರಿಸ್ಥಿತಿ ಕೊಟ್ಟಾಗ ಬಿಚ್ಚಿಕೊಳ್ಳಲೇಬೇಕು. ಅಸಿಟಿಕ್ ಅನ್‌ಹೈಡ್ರೈಡ್ ಜೊತೆ ಗಾಜಿನ ನಳಿಗೆಯಲ್ಲಿ ಮುಚ್ಚಿ ಸುಮಾರು 200 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರು. ಉಂಗುರ ಬಿಚ್ಚಿತು. ಕ್ರೋಮಿಕ್ ಆಮ್ಲ ಹಾಕಿದರು, ಬಿಚ್ಚಿದ ಜಾಗದಲ್ಲಿ ಕತ್ತರಿ ಬಿತ್ತು. ಅಸಿಟಿಕ್ ಆಮ್ಲದಲ್ಲಿ ಕುದಿಸಿದರು, ಬಾಲ ಕಳಚಿ ಬಿತ್ತು. ಆಮೇಲೆ ಪಲ್ಲೇಡಿಯಂ ಮೇಲೆ ಹೈಡ್ರೋಜನ್, ಇನ್ನೊಂದು ಆಕ್ಸಿಡೇಷನ್, ಅಷ್ಟೇ. 27 ಕಾರ್ಬನ್ನಿನ ಗಿಡದ ಅಣು 21 ಕಾರ್ಬನ್ನಿನ ಪ್ರೊಜೆಸ್ಟೆರಾನ್ ಆಯಿತು. ಪುಸ್ತಕಗಳಲ್ಲಿ ಇದಕ್ಕೆ ಈಗಲೂ ಮಾರ್ಕರ್ ಡಿಗ್ರಡೇಷನ್ ಅಂತಲೇ ಹೆಸರು.

ಇಲ್ಲಿ ಒಂದು ನಿಮಿಷ ನಿಲ್ಲಬೇಕು. ನಾವು ಈ ವಿಷಯ ಹಿಡಿದದ್ದಕ್ಕೆ ಕಾರಣವೇ ನಮ್ಮ ಬಳಗದ ಒಬ್ಬಳ ದೊಡ್ಡಮ್ಮ. ಮುಟ್ಟು ನಿಲ್ಲುವ ವಯಸ್ಸು, ರಾತ್ರಿ ಮೈಯೆಲ್ಲ ಬೆಂಕಿ ಹತ್ತಿದ ಹಾಗೆ ಬಿಸಿ, ಬೆವರು. ಡಾಕ್ಟರ ಹತ್ತಿರ ಹೇಳಿಕೊಳ್ಳಲು ಸಂಕೋಚ. ಆನ್‌ಲೈನಿನಲ್ಲಿ ಕಾಡುಗೆಣಸಿನ ಕ್ರೀಮ್ ತರಿಸಿ ಮೂರು ತಿಂಗಳು ಹಚ್ಚಿಕೊಂಡರು. ಡಬ್ಬಿಯ ಮೇಲೆ ನೈಸರ್ಗಿಕ ಪ್ರೊಜೆಸ್ಟೆರಾನ್ ಮೂಲ ಅಂತ ಬರೆದಿತ್ತಂತೆ. ಈಗ ಮೇಲಿನ ಪ್ಯಾರಾ ಇನ್ನೊಮ್ಮೆ ಓದಿ. ಗೆಡ್ಡೆಯೊಳಗೆ ಇರೋದು ಡಯೋಸ್ಜೆನಿನ್, ಅದೂ ಸಕ್ಕರೆಗೆ ಅಂಟಿಕೊಂಡು. ಅದು ಪ್ರೊಜೆಸ್ಟೆರಾನ್ ಆಗೋದು 200 ಡಿಗ್ರಿ ಶಾಖ, ಕ್ರೋಮಿಯಂ, ಪಲ್ಲೇಡಿಯಂ ಎಲ್ಲ ದಾಟಿದ ಮೇಲೆ. ಆ ಬಾಲ ಕತ್ತರಿಸುವ ಕಿಣ್ವ ನಮ್ಮ ಚರ್ಮದಲ್ಲೂ ಇಲ್ಲ, ಹೊಟ್ಟೆಯಲ್ಲೂ ಇಲ್ಲ. 2001ರಲ್ಲಿ ಆಸ್ಟ್ರೇಲಿಯಾದಲ್ಲಿ 23 ಹೆಂಗಸರ ಮೇಲೆ, ಯಾವುದು ನಿಜವಾದ ಕ್ರೀಮ್ ಯಾವುದು ಸುಮ್ಮನೆ ಕ್ರೀಮ್ ಅಂತ ಹೇಳದೆ, ತಲಾ ಮೂರು ತಿಂಗಳು ಪರೀಕ್ಷೆ ಮಾಡಿದರು. ಬಿಸಿ ಏರುವುದರಲ್ಲೂ, ರಕ್ತದ ಹಾರ್ಮೋನಿನಲ್ಲೂ ಹೇಳಿಕೊಳ್ಳುವ ವ್ಯತ್ಯಾಸ ಬರಲಿಲ್ಲ. ಸಣ್ಣ ಪರೀಕ್ಷೆ, ನಿಜ. ಆದರೆ ರಸಾಯನಶಾಸ್ತ್ರ ಹೇಳುವುದೂ ಅದನ್ನೇ. ಕೆಲವು ಕ್ರೀಮುಗಳಿಗೆ ಕಾರ್ಖಾನೆಯ ಪ್ರೊಜೆಸ್ಟೆರಾನ್ ಬೆರೆಸಿರುತ್ತಾರೆ, ಅದು ಇನ್ನೊಂದು ಬಗೆಯ ಅಪಾಯ. ಎಷ್ಟು ಡೋಸ್ ಮೈಗೆ ಹೋಗ್ತಿದೆ ಅಂತ ಹಚ್ಚಿಕೊಂಡವರಿಗೇ ಗೊತ್ತಿರೋಲ್ಲ.

ಉತ್ತರ ಅಮೆರಿಕದ ಕಾಡುಗೆಣಸನ್ನು, ಡಯಾಸ್ಕೋರಿಯಾ ವಿಲ್ಲೋಸಾ ಅನ್ನೋ ಬಳ್ಳಿಯನ್ನು, ಹಿಂದೆ ಅಲ್ಲಿಯ ಗಿಡಮೂಲಿಕೆ ವೈದ್ಯರು ಬಳಸುತ್ತಿದ್ದದ್ದು ಮುಖ್ಯವಾಗಿ ಹೊಟ್ಟೆ ನುಲಿತಕ್ಕೆ, ಕೀಲುನೋವಿಗೆ. ಹಾರ್ಮೋನಿನ ಮಾತು ಮಾರ್ಕರ್ ಆದಮೇಲೆ ಅಂಟಿಕೊಂಡದ್ದು. ಮಕ್ಕಳಾಗದಂತೆ ತಡೆಯುತ್ತೆ ಅಂತಲೂ ಇದನ್ನು ಮಾರಿದ್ದುಂಟು. ಅದನ್ನು ನಂಬಿದರೆ ಏನಾಗುತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ. ಬಸುರಿಯರು, ಮೊಲೆಹಾಲು ಕೊಡುವವರು, ಸ್ತನ ಅಥವಾ ಗರ್ಭಕೋಶದ ಕ್ಯಾನ್ಸರ್ ಆಗಿದ್ದವರು ವೈದ್ಯರನ್ನು ಕೇಳದೆ ಇದರ ಹತ್ತಿರ ಹೋಗಬಾರದು. ಇನ್ನು ಗೆಡ್ಡೆಯನ್ನೇ ತಿನ್ನುವ ವಿಷಯ. ಜೋಯಿಡಾದ ಗೆಡ್ಡೆಗೆಣಸು ಮೇಳಕ್ಕೆ ಹೋದವರಿಗೆ ಗೊತ್ತು, ಈ ಕುಲದಲ್ಲಿ ರುಚಿಯಾದ ಗೆಣಸುಗಳು ಎಷ್ಟೋ ಇವೆ. ಹಾಗಂತ ಕಾಡಲ್ಲಿ ಸಿಕ್ಕ ಬಳ್ಳಿಯನ್ನೆಲ್ಲ ಅಗೆದು ಬೇಯಿಸುವ ಹಾಗಿಲ್ಲ. ಡಯಾಸ್ಕೋರಿಯಾ ಹಿಸ್ಪಿಡಾ ಎಂಬ ಜಾತಿಯಲ್ಲಿರುವ ಡಯಾಸ್ಕೋರಿನ್ ನರಗಳಿಗೆ ವಿಷ, ಸೆಳವು ಬರಿಸುತ್ತೆ. ಅದನ್ನು ತಿನ್ನುವ ಕಾಡಿನ ಜನ ತೆಳ್ಳಗೆ ಹೆಚ್ಚಿ, ಹರಿಯುವ ನೀರಲ್ಲಿ ದಿನಗಟ್ಟಲೆ ನೆನೆಸಿ, ಬೇಯಿಸಿ ಆಮೇಲೆ ತಿನ್ನುತ್ತಾರೆ. ಆ ತಿಳಿವಳಿಕೆ ಇಲ್ಲದೆ ಟ್ರೆಕ್ಕಿಂಗ್ ಹೋದವರು ಧೈರ್ಯ ತೋರಿಸುವುದು ಬೇಡ.

ಸರಿ, ಮಾರ್ಕರ್ ಹತ್ತಿರ ವಾಪಸ್ ಬರೋಣ. ಕ್ರಿಯೆ ಸಿಕ್ಕಿತ್ತು, ಬೇಕಾದಷ್ಟು ಕಚ್ಚಾವಸ್ತು ಸಿಕ್ಕಿರಲಿಲ್ಲ. ಜಪಾನಿನ ಫುಜೀ ಮತ್ತು ಮತ್ಸುಕಾವಾ 1936ರಲ್ಲೇ ತಮ್ಮ ಕಾಡುಗೆಣಸೊಂದರಲ್ಲಿ ಡಯೋಸ್ಜೆನಿನ್ ಕಂಡುಹಿಡಿದಿದ್ದರು. ಅದೇ ಕುಲದ ದೊಡ್ಡ ಗೆಡ್ಡೆ ಈ ಕಡೆ ಎಲ್ಲಿದೆ? ಅಮೆರಿಕದ ದಕ್ಷಿಣ ಭಾಗ, ಮೆಕ್ಸಿಕೋ ಎಂದು ತಿರುಗಿ 400ಕ್ಕೂ ಹೆಚ್ಚು ಜಾತಿಯ ಗಿಡಗಳನ್ನು ತರಿಸಿ ನೋಡಿದರು. ಟೆಕ್ಸಸ್‌ನಲ್ಲಿ ಸಸ್ಯಶಾಸ್ತ್ರಜ್ಞರೊಬ್ಬರ ಮನೆಯಲ್ಲಿ ಪುಸ್ತಕ ತಿರುವುತ್ತಿದ್ದಾಗ ಒಂದು ಚಿತ್ರ ಕಣ್ಣಿಗೆ ಬಿತ್ತು. ಆಮೆ ಚಿಪ್ಪಿನ ಹಾಗೆ ಬಿರಿದ ದೊಡ್ಡ ಗೆಡ್ಡೆ, ಅರ್ಧ ನೆಲದ ಮೇಲೆ. ಡಯಾಸ್ಕೋರಿಯಾ ಮೆಕ್ಸಿಕಾನಾ. ಸ್ಥಳೀಯರು ಕಬೆಸಾ ದೆ ನೆಗ್ರೊ ಅನ್ನುತ್ತಿದ್ದರು. ವೆರಾಕ್ರೂಸ್ ರಾಜ್ಯದಲ್ಲಿ, ಒರಿಸಾಬಾ ಮತ್ತು ಕೊರ್ಡೊಬಾ ಊರುಗಳ ನಡುವೆ ರಸ್ತೆ ಹಳ್ಳ ದಾಟುವ ಕಡೆ ಸಿಗುತ್ತೆ ಅನ್ನೋ ವಿವರವೂ ಇತ್ತು.

ಪರ್ಲ್ ಹಾರ್ಬರ್ ದಾಳಿ ಆಗಿ ಅಮೆರಿಕ ಯುದ್ಧಕ್ಕಿಳಿದ ಹೊಸತು. ಈಗ ಬೇಡ, ಊರಿಗೆ ಹೋಗಿ ಅಂತ ಮೆಕ್ಸಿಕೋದಲ್ಲಿದ್ದ ಅಮೆರಿಕನ್ ರಾಯಭಾರ ಕಚೇರಿಯವರು ಹೇಳಿದರು. ಯಾರ ಮಾತು ಕೇಳಿ ಗೊತ್ತು ಇವರಿಗೆ? 1942ರ ಜನವರಿಯಲ್ಲಿ ಒಬ್ಬರೇ ಬಸ್ ಹತ್ತಿದರು. ಸ್ಪ್ಯಾನಿಷ್ ಬಾರದು. ಪುಸ್ತಕ ಹೇಳಿದ ಹಳ್ಳದ ಹತ್ತಿರ ಅಲ್ಬೆರ್ಟೊ ಮೊರೆನೊ ಅನ್ನೋರ ಸಣ್ಣ ಅಂಗಡಿ ಇತ್ತು. ಅವರಿಗೆ ಇಂಗ್ಲಿಷ್ ಬಾರದು. ಹೇಗೋ ಅರ್ಥ ಮಾಡಿಸಿದರು, ಮರುದಿನ ಬೆಳಗ್ಗೆ ಹೋದರೆ ಮೊರೆನೊ ಎರಡು ಗೆಡ್ಡೆ ತರಿಸಿಟ್ಟಿದ್ದರು. ನಮ್ಮ ಕೆಂಪು ಬಸ್ಸಿನ ಟಾಪ್ ಮೇಲೆ ಮೂಟೆ ಹಾಕಿದ ಹಾಗೆ ಗೆಡ್ಡೆಗಳನ್ನು ಬಸ್ಸಿನ ಮೇಲೆ ಹಾಕಿಸಿ ಹೊರಟರೆ, ಇಳಿದು ನೋಡಿದಾಗ ಎರಡೂ ಮಾಯ. ಅಲ್ಲಿದ್ದ ಪೊಲೀಸಿನವನ ಕೈ ಬೆಚ್ಚಗೆ ಮಾಡಿದ ಮೇಲೆ ಒಂದು ವಾಪಸ್ ಬಂತು. ಇನ್ನೊಂದಕ್ಕೆ ಕೊಡಲು ದುಡ್ಡು ಉಳಿದಿರಲಿಲ್ಲ. ಒಂದೇ ಗೆಡ್ಡೆ, ಸುಮಾರು 50 ಪೌಂಡ್, ಪೆನ್ಸಿಲ್ವೇನಿಯಾಕ್ಕೆ ಬಂತು. ಪರೀಕ್ಷೆ ಮಾಡಿದರು. ಹುಡುಕಿದ್ದು ಅದೇ.

ಪಾರ್ಕ್-ಡೇವಿಸ್‌ನವರಿಗೆ ಹೇಳಿದರು, ಮೆಕ್ಸಿಕೋದಲ್ಲಿ ಕಾರ್ಖಾನೆ ಹಾಕೋಣ ಅಂತ. ಅಲ್ಲಿ ಇಂಥ ಕೆಲಸ ಆಗೋಲ್ಲ ಎಂದು ಕಂಪನಿಯವರು ತಳ್ಳಿಹಾಕಿದರು. ಬೇರೆ ಕಂಪನಿಗಳೂ ಅಷ್ಟೇ. ಮಾರ್ಕರ್ ತಮ್ಮ ಉಳಿತಾಯದ ದುಡ್ಡು ತೆಗೆದುಕೊಂಡು ಮತ್ತೆ ಮೊರೆನೊ ಅಂಗಡಿಗೆ ಹೋದರು. ಸುಮಾರು 10 ಟನ್ ಗೆಡ್ಡೆ ಅಗೆಸಿ, ಹೆಚ್ಚಿಸಿ, ಒಣಗಿಸಿ, ಸಾರ ಇಳಿಸಿ ಪಾಕದ ಹಾಗೆ ಮಾಡಿ ಅಮೆರಿಕಕ್ಕೆ ಒಯ್ದರು. ಅದರಿಂದ ಬಂದದ್ದು 3 ಕಿಲೋ ಪ್ರೊಜೆಸ್ಟೆರಾನ್. ಅಲ್ಲಿಯವರೆಗೆ ಜಗತ್ತಿನಲ್ಲಿ ಯಾರೂ ಒಂದೇ ಸಲಕ್ಕೆ ಅಷ್ಟು ಮಾಡಿರಲಿಲ್ಲ. ಗ್ರಾಂಗೆ 80 ಡಾಲರ್ ಲೆಕ್ಕದಲ್ಲಿ ಎಷ್ಟಾಯ್ತು ಅಂತ ನೀವೇ ಗುಣಿಸಿಕೊಳ್ಳಿ.

ಮೆಕ್ಸಿಕೋ ಸಿಟಿಯ ಟೆಲಿಫೋನ್ ಡೈರೆಕ್ಟರಿಯಲ್ಲಿ ಲ್ಯಾಬ್‌ಗಳ ಹೆಸರು ಹುಡುಕಿದಾಗ ಸಿಕ್ಕದ್ದು ಲಬೊರಾತೊರಿಯೊಸ್ ಹೊರ್ಮೊನಾ. ಮಾಲೀಕರು ಹಂಗೇರಿಯಿಂದ ಬಂದ ಸೊಮ್ಲೊ, ಜರ್ಮನಿಯಿಂದ ಬಂದ ಲೇಮನ್. ಮೂವರೂ ಸೇರಿ 1944ರ ಜನವರಿಯಲ್ಲಿ ಕಂಪನಿ ಕಟ್ಟಿದರು. ಸಿಂಥೆಸಿಸ್ ಮತ್ತು ಮೆಕ್ಸಿಕೋ ಸೇರಿಸಿ ಸಿಂಟೆಕ್ಸ್ ಅಂತ ಹೆಸರು. ಮಾರ್ಕರ್ ಪಾಲು ಶೇ. 40. ಕಾಲೇಜಿನ ಕೆಲಸಕ್ಕೆ ರಾಜೀನಾಮೆ ಕೊಟ್ಟಾಗಿತ್ತು. ತಮ್ಮದೇ ವಿಧಾನದ ಪೇಟೆಂಟುಗಳು ಪಾರ್ಕ್-ಡೇವಿಸ್ ಹೆಸರಲ್ಲಿದ್ದವು. ಆದರೆ ಮೆಕ್ಸಿಕೋದಲ್ಲಿ ಪೇಟೆಂಟ್ ಮಾಡಿಸಿಕೊಳ್ಳುವ ಗೋಜಿಗೆ ಕಂಪನಿ ಹೋಗಿರಲಿಲ್ಲ. ಆ ಒಂದು ಅಸಡ್ಡೆಯೇ ಸಿಂಟೆಕ್ಸ್‌ಗೆ ಬಾಗಿಲು ತೆರೆಯಿತು.

ವರ್ಷದೊಳಗೆ ಹತ್ತಾರು ಕಿಲೋ ಹಾರ್ಮೋನು ತಯಾರಾಯಿತು. ಅಷ್ಟರಲ್ಲೇ ಜಗಳ. ತನ್ನ ಪಾಲಿನ ಲಾಭ ಎಲ್ಲಿ ಅಂತ ಕೇಳಿದಾಗ ಲಾಭವೇ ಬಂದಿಲ್ಲ ಎಂಬ ಉತ್ತರ ಸಿಕ್ಕಿತೆಂದು ಮಾರ್ಕರ್ ಆಮೇಲೆ ನೆನೆದಿದ್ದಾರೆ. 1945ರಲ್ಲಿ ಎದ್ದು ಹೊರಟರು. ಇಲ್ಲಿ ನಾವು ಪೂರ್ತಿ ಅವರ ಪಕ್ಷ ವಹಿಸೋಲ್ಲ. ವಿಧಾನದ ಮುಖ್ಯ ಭಾಗಗಳೆಲ್ಲ ಅವರ ತಲೆಯಲ್ಲೇ ಇದ್ದವು. ಬಾಟಲಿಗಳ ಮೇಲೆ ರಾಸಾಯನಿಕದ ಹೆಸರಿಲ್ಲ, ಬರೀ ಸಂಕೇತ. ಕೆಲಸಗಾರರಿಗೆ ಯಾವ ಬಾಟಲಿಯಲ್ಲಿ ಏನಿದೆ ಅಂತ ಗೊತ್ತಿರಲಿಲ್ಲ. ಒಂದೂ ಕಾಮೆಂಟ್ ಇಲ್ಲದ ಕೋಡ್ ಬಿಟ್ಟು ಪ್ರಾಜೆಕ್ಟ್‌ನಿಂದ ಹೊರಟ ಸೀನಿಯರ್ ನಿಮಗೂ ಸಿಕ್ಕಿರಬಹುದು. ಉತ್ಪಾದನೆ ನಿಂತಿತು. ಕ್ಯೂಬಾದಲ್ಲಿದ್ದ ಜಾರ್ಜ್ ರೋಸೆನ್‌ಕ್ರಾಂಟ್ಸ್ ಎಂಬ ಹಂಗೇರಿಯನ್ ಯೆಹೂದಿ ರಸಾಯನಶಾಸ್ತ್ರಜ್ಞರನ್ನು ಕರೆಸಿ, ಮಾರ್ಕರ್ ಪ್ರಕಟಿಸಿದ್ದ ಪ್ರಬಂಧಗಳನ್ನು ಓದಿ ಓದಿ ಎಲ್ಲವನ್ನೂ ಮತ್ತೆ ಮೊದಲಿಂದ ಕಟ್ಟಬೇಕಾಯಿತು.

ಮಾರ್ಕರ್ ತೆಸ್ಕೊಕೊ ಎಂಬ ಊರಲ್ಲಿ ಬೊಟಾನಿಕಾ-ಮೆಕ್ಸ್ ಎಂಬ ತಮ್ಮದೇ ಕಂಪನಿ ತೆಗೆದರು. ಈ ಸಲ ಬಳಸಿದ್ದು ಬರ್ಬಾಸ್ಕೊ ಎಂಬ ಇನ್ನೊಂದು ಕಾಡುಗೆಣಸು. ಅದರಲ್ಲಿ ಡಯೋಸ್ಜೆನಿನ್ ಕಬೆಸಾ ದೆ ನೆಗ್ರೊಗಿಂತ ಎಷ್ಟೋ ಹೆಚ್ಚು. ಪೈಪೋಟಿಯಲ್ಲಿ ಬೆಲೆ ದಬದಬ ಇಳಿಯಿತು. ಇದು ಎಲ್ಲರಿಗೂ ಹಿಡಿಸುವ ವಿಷಯವಲ್ಲ. ಕೆಲಸಗಾರರಿಗೆ ಬೆದರಿಕೆ, ಹಲ್ಲೆ ಶುರುವಾಯಿತು ಅಂತ ಮಾರ್ಕರ್ ಹೇಳಿಕೊಂಡಿದ್ದಾರೆ. ಆ ಕಂಪನಿಯೂ ಬಹಳ ದಿನ ಅವರ ಕೈಯಲ್ಲಿ ಉಳಿಯಲಿಲ್ಲ.

1949ರಲ್ಲಿ, 47ನೇ ವಯಸ್ಸಿಗೆ, ಅವರು ಕೆಮಿಸ್ಟ್ರಿಯನ್ನೇ ಬಿಟ್ಟರು. ಸುಮ್ಮನೆ ಬಿಟ್ಟದ್ದಲ್ಲ, ನೋಟ್ಸ್ ಎಲ್ಲ ನಾಶ ಮಾಡಿ ಬಿಟ್ಟರು. ನೂರಕ್ಕೂ ಹೆಚ್ಚು ಪ್ರಬಂಧ ಬರೆದ ಮನುಷ್ಯ ಮತ್ತೆ ಲ್ಯಾಬಿನತ್ತ ತಿರುಗಿ ನೋಡಲಿಲ್ಲ.

ಅವರು ಬಿಟ್ಟುಹೋದದ್ದರ ಮೇಲೆ ಬೇರೆಯವರು ಮನೆ ಕಟ್ಟಿದರು. ಸಿಂಟೆಕ್ಸ್‌ನಲ್ಲಿ ಕಾರ್ಲ್ ಜೆರಾಸಿ ಮತ್ತು ಸಂಗಡಿಗರು 1951ರಲ್ಲಿ ಇದೇ ಗೆಡ್ಡೆಯ ಡಯೋಸ್ಜೆನಿನ್‌ನಿಂದ ಕಾರ್ಟಿಸೋನ್ ಮಾಡಿದರು. ಅದೇ ವರ್ಷದ ಅಕ್ಟೋಬರ್ 15ರಂದು ಲೂಯಿಸ್ ಮಿರಾಮೊಂಟೆಸ್ ಎಂಬ ಮೆಕ್ಸಿಕನ್ ವಿದ್ಯಾರ್ಥಿ ನೊರೆಥಿಂಡ್ರೋನ್ ತಯಾರಿಸಿದ. ಗಮನಿಸಿ, ಇಂಜಿನಿಯರಿಂಗ್ ಓದುತ್ತಿದ್ದ ಹುಡುಗ, ವಯಸ್ಸು 26. ಬಾಯಿಂದ ನುಂಗಿದರೂ ಕೆಲಸ ಮಾಡುವ ಪ್ರೊಜೆಸ್ಟೆರಾನ್‌ನ ಈ ತಮ್ಮ ಮುಂದೆ ಎಷ್ಟೋ ಗರ್ಭನಿರೋಧಕ ಮಾತ್ರೆಗಳಲ್ಲಿ ಸೇರಿತು. ಅಪ್‌ಜಾನ್ ಕಂಪನಿ ಬೂಷ್ಟಿನಿಂದ ಪ್ರೊಜೆಸ್ಟೆರಾನನ್ನು ಕಾರ್ಟಿಸೋನಿನತ್ತ ತಿರುಗಿಸುವುದನ್ನು ಕಲಿತ ಮೇಲೆ ಸಿಂಟೆಕ್ಸ್‌ನಿಂದ ಟನ್‌ಗಟ್ಟಲೆ ಪ್ರೊಜೆಸ್ಟೆರಾನ್ ಕೊಂಡಿತು. ಆಗ ಗ್ರಾಂಗೆ ಅರ್ಧ ಡಾಲರೂ ಇರಲಿಲ್ಲ.

ಆ ಗೆಡ್ಡೆಗಳನ್ನೆಲ್ಲ ಅಗೆದವರು ಯಾರು? ವೆರಾಕ್ರೂಸ್, ಒವಾಹಾಕಾ ಕಡೆಯ ಬಡ ರೈತರು. ಕಾಡಿಗೆ ಹೋಗಿ ಬಳ್ಳಿ ಗುರುತು ಹಿಡಿದು, ಅಗೆದು, ಬೆನ್ನ ಮೇಲೆ ಹೊತ್ತು ತಂದು ಕಿಲೋ ಲೆಕ್ಕದಲ್ಲಿ ಮಾರುತ್ತಿದ್ದವರು. ದುಡ್ಡೆಲ್ಲ ವಿದೇಶಿ ಕಂಪನಿಗಳಿಗೇ ಹೋಗುತ್ತಿದೆ ಎಂದು 1975ರಲ್ಲಿ ಮೆಕ್ಸಿಕೋ ಸರಕಾರ ಪ್ರೊಕಿವೆಮೆಕ್ಸ್ ಎಂಬ ಸರಕಾರಿ ಸಂಸ್ಥೆಯನ್ನು ತೆರೆದು ಗೆಡ್ಡೆಯ ವ್ಯಾಪಾರವನ್ನು ತನ್ನ ಕೈಗೆ ತೆಗೆದುಕೊಂಡಿತು. ಅಷ್ಟು ಹೊತ್ತಿಗೆ ಕಂಪನಿಗಳು ಸೋಯಾ ಮತ್ತಿತರ ಮೂಲಗಳತ್ತ ಹೊರಳುತ್ತಿದ್ದವು. ಹಿಮಾಲಯದ ನಮ್ಮ ಡಯಾಸ್ಕೋರಿಯಾ ಡೆಲ್ಟಾಯ್ಡಿಯಾ ಇದೇ ಡಯೋಸ್ಜೆನಿನ್ ಆಸೆಗೆ ವಿಪರೀತ ಅಗೆತಕ್ಕೆ ಸಿಕ್ಕು, ಈಗ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಯಲ್ಲಿದೆ. ಕಾಡು ಬರಿದಾಗದಿರಲೆಂದು ಹೊಲದಲ್ಲೇ ಬೆಳೆಸುವ ಪ್ರಯತ್ನಗಳೂ ನಡೆದವು. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಮಧ್ಯ ಅಮೆರಿಕ ಮೂಲದ ಡಯಾಸ್ಕೋರಿಯಾ ಫ್ಲೋರಿಬಂಡಾದಲ್ಲಿ ಅರ್ಕ ಉಪಕಾರ್ ಎಂಬ ತಳಿಯನ್ನೇ ಹೊರತಂದಿತು.

ಮಾರ್ಕರ್ ಏನು ಮಾಡುತ್ತಿದ್ದರು? ಬೆಳ್ಳಿ ಕೆಲಸ. ಮೆಕ್ಸಿಕೋದ ಅಕ್ಕಸಾಲಿಗರನ್ನು ಹಿಡಿದು ಯುರೋಪಿನ ಹಳೇ ಕಾಲದ ಬೆಳ್ಳಿ ಪಾತ್ರೆಗಳ ತದ್ರೂಪು ಮಾಡಿಸಿ ಮಾರುತ್ತಿದ್ದರು. ಎಷ್ಟೋ ಜನ ಅವರು ಬದುಕಿದ್ದಾರೋ ಇಲ್ಲವೋ ಎಂದೂ ಯೋಚಿಸದೆ ಅವರ ಕ್ರಿಯೆಯನ್ನು ಪಾಠ ಮಾಡುತ್ತಿದ್ದರು. 1969ರಲ್ಲಿ ಮೆಕ್ಸಿಕೋದವರೇ ಕರೆದು ಸನ್ಮಾನ ಮಾಡಿದರು.

ದೊಡ್ಡಮ್ಮನ ಕತೆ ಅರ್ಧಕ್ಕೆ ಬಿಟ್ಟಿದ್ದೆವು. ಕೊನೆಗೆ ನಮ್ಮ ಗೆಳತಿಯೇ ಜೊತೆಗೆ ಹೋಗಿ ಡಾಕ್ಟರಿಗೆ ತೋರಿಸಿದಳು. ಕ್ರೀಮಿನ ಡಬ್ಬಿ ಈಗ ನಮ್ಮ ಕ್ಲಬ್ ರೂಮಿನಲ್ಲಿದೆ, ಗುಂಡುಪಿನ್ನು ಹಾಕಿಡಲು.

ಇನ್ನು ಆ ಪಿಎಚ್‌ಡಿ. 1987ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯ ತನ್ನ ಹಳೆಯ ವಿದ್ಯಾರ್ಥಿಯನ್ನು ಕರೆದು ಗೌರವ ಡಾಕ್ಟರೇಟ್ ಕೊಟ್ಟಿತು. ಆಗ ಮಾರ್ಕರ್‌ಗೆ 85. ಬಿಟ್ಟು ಹೋಗಿ 62 ವರ್ಷವಾಗಿತ್ತು. 1995ರ ಮಾರ್ಚ್ 3ರಂದು, 93 ತುಂಬಲು ಒಂಬತ್ತು ದಿನ ಇರುವಾಗ, ಅವರು ತೀರಿಕೊಂಡರು. ಫಿಸಿಕಲ್ ಕೆಮಿಸ್ಟ್ರಿಯ ಆ ಕೋರ್ಸುಗಳನ್ನು ಕೊನೆವರೆಗೂ ತಗೊಳ್ಳಲಿಲ್ಲ.